ಹೊರಕೆರೆದೇವಪುರದ ಕಲ್ಲು

ಹೊರಕೆರೆದೇವಪುರವೆಂದು ಪೂರ್ತಿ ಹೆಸರು ಹೇಳಿದರೆ ನಮ್ಮ ಕಡೆಯ ಬಸ್ಸಿನ ಕಂಡಕ್ಟರು ಒಂದು ಕ್ಷಣ ತಡೆದು ನೋಡುತ್ತಾನೆ, ಎಚ್. ಡಿ. ಪುರವೆಂದರೆ ಮರುಮಾತಿಲ್ಲದೆ ಚೀಟಿ ಹರಿದು ಕೊಡುತ್ತಾನೆ. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿಗೆ ಸೇರಿದ ಈ ಊರನ್ನು ಹೊರಗಿನವರು ಬಲ್ಲುದು ಅಲ್ಲಿಯ ಲಕ್ಷ್ಮೀನರಸಿಂಹಸ್ವಾಮಿಯ ದೇವಸ್ಥಾನದಿಂದ. ಒಕ್ಕಲಿನವರು ವರ್ಷಕ್ಕೊಮ್ಮೆ ಬಂದು ಹರಕೆ ತೀರಿಸಿ ಹೋಗುತ್ತಾರೆ. ಪ್ರವಾಸಿಗಳೆನ್ನಿಸಿಕೊಂಡವರು ದುರ್ಗದ ಕೋಟೆಯನ್ನು ನೋಡಿ, ಒನಕೆ ಓಬವ್ವನ ಕಿಂಡಿಯಲ್ಲಿ ತಲೆಯಿಟ್ಟು, ಹಾಗೆಯೇ ಹೆದ್ದಾರಿ ಹಿಡಿಯುವುದು ವಾಡಿಕೆ. ನಮ್ಮೂರಿನ ದಾರಿಯಲ್ಲಿ ಅವರಿಗೆ ಕಾಣುವುದು ಅಡಿಕೆಯ ತೋಟ, ಮೆಕ್ಕೆಜೋಳದ ಹೊಲ, ಬೋಳು ಗುಡ್ಡ; ಎಲ್ಲಕ್ಕಿಂತ ಹೆಚ್ಚಾಗಿ ಕಲ್ಲು. ಆ ಕಲ್ಲನ್ನು ಕುರಿತೇ ಈ ಲೇಖನ.

ನನ್ನ ಹುಟ್ಟೂರು ಅದೇ. ನಮ್ಮ ತಂದೆಯವರು ಅಲ್ಲಿ ಬಹುಕಾಲ ಉಪಾಧ್ಯಾಯರಾಗಿದ್ದರು. ನಮ್ಮ ಮನೆಯ ನಡುಮನೆಯ ಗೂಡಿನಲ್ಲಿ, ಪಂಚಾಂಗ ಮತ್ತು ಕನ್ನಡಕದ ಪಕ್ಕದಲ್ಲಿ, ಅಂಗೈಯಗಲದ ಒಂದು ಬೂದುಬಣ್ಣದ ಚಪ್ಪಟೆ ಕಲ್ಲು ನಾನು ಬುದ್ಧಿ ಬಲ್ಲಂದಿನಿಂದ ಇದೆ. ತೋಟದ ಬಾವಿಯನ್ನು ಆಳಮಾಡಿಸುವಾಗ ಬಂಡೆಯೊಂದು ಪದರವಾಗಿ ಬಿಚ್ಚಿಕೊಂಡು ಅದು ಸಿಕ್ಕಿತಂತೆ. ಅದರ ಒಂದು ಮೈಮೇಲೆ ಯಾರೋ ಕುಶಲಿಗಳು ಕಪ್ಪು ಶಾಯಿಯಲ್ಲಿ ಬರೆದಂತೆ ಒಂದು ಜರೀಗಿಡದ ಚಿತ್ರ: ನಡುವೆ ದಂಟು, ದಂಟಿನಿಂದ ಕವಲು, ಕವಲಿನಿಂದ ಕಿರುಗವಲು. ಪ್ರತಿವರ್ಷವೂ ತಂದೆಯವರು ಅದನ್ನು ಒಗೆದ ಟವಲಿನಲ್ಲಿ ಸುತ್ತಿ ಶಾಲೆಗೆ ಒಯ್ಯುವರು. ಮಕ್ಕಳನ್ನು ಕೈತೊಳೆದು ಬರಹೇಳಿ, ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೂ ಮುಟ್ಟಿಸುವರು. “ಇದು ಪಳೆಯುಳಿಕೆ. ಕೋಟಿ ವರ್ಷಗಳ ಹಿಂದೆ ನಮ್ಮೂರಿನಲ್ಲಿ ಬೆಳೆದ ಗಿಡ” ಎಂದು ಅವರು ಹೇಳುತ್ತಿದ್ದ ದನಿ ಇನ್ನೂ ನನ್ನ ಕಿವಿಯಲ್ಲಿದೆ. ಆ ಸಾಲಿನಲ್ಲಿ ನಾನೂ ನಿಂತಿದ್ದೆ.

ತಂದೆಯವರು 2021ರಲ್ಲಿ ತೀರಿಕೊಂಡರು. ಈಚೆಗೆ ಅವರ ಹಳೆಯ ವಿದ್ಯಾರ್ಥಿಗಳು ಕೆಲವರು ಸೇರಿ ಶಾಲೆಯಲ್ಲಿ ಒಂದು ಗಾಜಿನ ಬೀರು ಮಾಡಿಸಿ, ಆ ಕಲ್ಲನ್ನು ಅದರಲ್ಲಿಟ್ಟು ಗುರುಗಳ ಹೆಸರು ಬರೆಸಬೇಕೆಂದು ನಿಶ್ಚಯಿಸಿದರು. ಕಲ್ಲಿನ ಕೆಳಗೆ ಹಾಕಬೇಕಾದ ನಾಲ್ಕು ಸಾಲನ್ನು ಬರೆದುಕೊಡುವ ಕೆಲಸ ನನಗೆ ಬಂದಿತು, ಕನ್ನಡ ಎಂ. ಎ. ಮಾಡಿದವನು ಇನ್ನಾವುದಕ್ಕೆ ಒದಗಬೇಕು! ಬರೆಯುವ ಮೊದಲು ಗಿಡದ ಜಾತಿಯ ಹೆಸರನ್ನಾದರೂ ಕೇಳಿಕೊಳ್ಳೋಣವೆಂದು ನಮ್ಮ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರದ ಅಧ್ಯಾಪಕರಾಗಿರುವ ಮಿತ್ರರಿಗೆ ಕಲ್ಲನ್ನು ತೋರಿಸಿದೆ. ಅವರು ಜೇಬಿನಿಂದ ಮಸೂರ ತೆಗೆದು ಹತ್ತಾರು ಬಗೆಯಾಗಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು:

“ಇದು ಎಲ್ಲಿ ಸಿಕ್ಕಿದ್ದು?”

“ನಮ್ಮೂರಿನ ತೋಟದ ಬಾವಿಯಲ್ಲಿ.”

“ನಿಮ್ಮೂರಿನದೇ ಆದರೆ ಇದು ಗಿಡವಾಗಿರುವುದು ಸಾಧ್ಯವಿಲ್ಲ.”

ನನ್ನ ಮುಖ ಸಣ್ಣದಾದುದನ್ನು ಅವರು ಕಂಡಿರಬೇಕು. ದಸರಾ ರಜೆಯಲ್ಲಿ ತಾವೇ ಕಾರು ತರುವುದಾಗಿಯೂ, ಕಾರಣವನ್ನು ಊರಿನಲ್ಲಿಯೇ ತೋರಿಸುವುದಾಗಿಯೂ ಮಾತು ಕೊಟ್ಟರು.

ಹೊರಟ ದಿನ ಅವರು ನೇರವಾಗಿ ನಮ್ಮೂರಿನ ಹಾದಿ ಹಿಡಿಯಲಿಲ್ಲ. “ಮೊದಲು ಸಮುದ್ರವನ್ನು ನೋಡಿ ಹೋಗೋಣ” ಎಂದು ದುರ್ಗದಿಂದ ಹಿರಿಯೂರಿನ ಕಡೆಗೆ ಗಾಡಿಯನ್ನು ತಿರುಗಿಸಿದರು. ಬೆಟ್ಟದ ಸಾಲಿನ ನೆತ್ತಿಯ ಮೇಲೆ ಗಾಳಿಯಂತ್ರಗಳು ಮೂರು ಮೂರು ತೋಳುಗಳನ್ನು ಬೀಸುತ್ತಿದ್ದವು. ನೀರಿನ ಹನಿಗಾಗಿ ಸಾವಿರ ಅಡಿ ಕೊಳವೆ ಇಳಿಸುವ ಈ ಸೀಮೆಯಲ್ಲಿ ಸಮುದ್ರದ ಮಾತೆಂದರೆ ನನಗೆ ವಿನೋದವಾಗಿಯೇ ಕಂಡಿತು.

ಮರಡಿಹಳ್ಳಿ ಚಿತ್ರದುರ್ಗಕ್ಕೆ ಸುಮಾರು 16 ಕಿಲೊಮೀಟರು ದೂರ. ಅಲ್ಲಿಯ ಬಂಡೆಯನ್ನು 1976ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಯಿತು. ಹತ್ತಿರ ಹೋಗಿ ನೋಡಿದರೆ ಹಸಿರುಗಪ್ಪು ಬಣ್ಣದ ಗುಡ್ಡದ ಮೈಯೆಲ್ಲ ಉಬ್ಬುಬ್ಬು. ಮದುವೆಮನೆಯಲ್ಲಿ ಬೀಗರಿಗೆಂದು ತಂದ ತಲೆದಿಂಬುಗಳನ್ನು ಮೂಲೆಯಲ್ಲಿ ಒಟ್ಟಿದಂತೆ, ಒಂದರ ಮೇಲೊಂದು, ಒಂದರ ಸಂದಿಗೆ ಇನ್ನೊಂದು. ಈ ಶಿಲೆಗೆ ಶಾಸ್ತ್ರಜ್ಞರು ಇಟ್ಟಿರುವ ಹೆಸರೂ ದಿಂಬುಲಾವಾ ಎಂದೇ. ಭೂಮಿಯೊಳಗಿನಿಂದ ಕುದಿದು ಬಂದ ಲಾವಾರಸ ನೀರಿನೊಳಗೆ ಹೊರಬಿದ್ದಾಗ ಅದರ ಹೊರಮೈ ಕೂಡಲೇ ತಣಿದು ತೊಗಲಿನಂತೆ ಗಟ್ಟಿಯಾಗುತ್ತದೆ. ಒಳಗಿನ ಬಿಸಿರಸ ಆ ತೊಗಲನ್ನು ಹಿಗ್ಗಿಸಿ ದಿಂಬಿನಾಕಾರ ಕೊಡುತ್ತದೆ; ಎಲ್ಲಿಯೋ ತೊಗಲು ಬಿರಿದು ಮತ್ತೊಂದು ದಿಂಬು ಹುಟ್ಟುತ್ತದೆ. ಇಂದಿಗೂ ಸಾಗರಗಳ ತಳದಲ್ಲಿ ಇದು ನಡೆಯುತ್ತಿದೆ. ಬಯಲಿನಲ್ಲಿ ಹರಿದ ಲಾವಾರಸಕ್ಕೆ ಈ ಆಕಾರ ಬರುವುದಿಲ್ಲ. ಆದುದರಿಂದ ಮರಡಿಹಳ್ಳಿಯ ದಿಂಬುಗಳು ಹುಟ್ಟಿದಾಗ ಅವುಗಳ ಮೇಲೆ ನೀರು ಇದ್ದಿತೆಂಬುದರಲ್ಲಿ ಸಂದೇಹವಿಲ್ಲ. ಸುತ್ತ ನೋಡಿದೆ. ಜಾಲಿಯ ಪೊದೆ, ಒಂದೆರಡು ಮೇಕೆ, ನೆತ್ತಿಯ ಮೇಲೆ ಬಿಸಿಲು. ಮಿತ್ರರು ದಿಂಬೊಂದರ ಮೇಲೆ ಕುಳಿತು ನೀರಿನ ಸೀಸೆಯ ಮುಚ್ಚಳ ತೆಗೆದರು.

“ಎಷ್ಟು ಕಾಲದ ಹಿಂದೆ?” ಎಂದೆ.

ಅವರು ಹೇಳಿದ ಲೆಕ್ಕ ಹೀಗೆ. ಗದಗಿನಿಂದ ಶ್ರೀರಂಗಪಟ್ಟಣದವರೆಗೆ ನಾನೂರು ಕಿಲೊಮೀಟರಿಗೂ ಮೀರಿ ಸಾಗುವ ಒಂದು ಶಿಲಾಪಟ್ಟಿಯ ನಡುಭಾಗದಲ್ಲಿ ನಮ್ಮ ದುರ್ಗ, ಹೊಳಲ್ಕೆರೆ, ಹಿರಿಯೂರು ಸೀಮೆಗಳಿವೆ. ಈ ಪಟ್ಟಿಯ ಜ್ವಾಲಾಮುಖಿ ಶಿಲೆಯೊಂದರ ವಯಸ್ಸನ್ನು 1996ರಲ್ಲಿ ಅಳೆದು ಪ್ರಕಟಿಸಿದರು: 261 ಕೋಟಿ 40 ಲಕ್ಷ ವರ್ಷ; ಹೆಚ್ಚುಕಡಮೆ ಬಂದರೆ 80 ಲಕ್ಷ ವರ್ಷ ಅತ್ತಿತ್ತ. ಅಳೆಯುವ ಬಗೆಯೂ ಸೋಜಿಗದ್ದು. ಅಂಥ ಶಿಲೆಗಳಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳು ಇರುತ್ತವೆ. ಮರಳಿನ ಕಣಕ್ಕಿಂತ ದೊಡ್ಡವಲ್ಲ. ಹುಟ್ಟುವಾಗ ಈ ಹರಳು ಯುರೇನಿಯಮ್ಮಿಗೆ ಮನೆಯಲ್ಲಿ ಎಡೆ ಕೊಡುತ್ತದೆ, ಸೀಸಕ್ಕೆ ಕೊಡುವುದಿಲ್ಲ. ಆದರೆ ಯುರೇನಿಯಂ ಕಾಲಕ್ರಮದಲ್ಲಿ ತಾನೇ ಸವೆದು ಸೀಸವಾಗುತ್ತದೆ; ಅದರಲ್ಲಿ ಹೆಚ್ಚಿನ ಬಗೆಯದು ಅರ್ಧಕ್ಕರ್ಧ ಸವೆಯಲು ಸುಮಾರು 447 ಕೋಟಿ ವರ್ಷ ಬೇಕು. ಹರಳಿನೊಳಗೆ ಇಂದು ಸೀಸವೆಷ್ಟು, ಉಳಿದ ಯುರೇನಿಯಮ್ಮೆಷ್ಟು ಎಂದು ತೂಗಿದರೆ ಮನೆ ಕಟ್ಟಿದ ವರ್ಷ ತಿಳಿಯುತ್ತದೆ.

ಕೋಟಿ ಎಂಬ ಮಾತು ನಮ್ಮ ಬಾಯಲ್ಲಿ ಸುಲಭ. ಅದು ಮನಸ್ಸಿಗೆ ಇಳಿಯುವುದು ಕಷ್ಟ. ಕನ್ನಡದ ಅಧ್ಯಾಪಕನಾದ ನನಗೆ ಹಳೆಯದೆಂದರೆ ಇದೇ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನ. ಚಂದ್ರವಳ್ಳಿಯ ಕದಂಬ ಮಯೂರಶರ್ಮನ ಶಾಸನ. ಇವುಗಳ ಮುಂದೆ ನಿಂತಾಗ ಮೈ ಝುಮ್ಮೆಂದದ್ದುಂಟು. ಗಾಡಿ ಮರಳಿ ದುರ್ಗದ ಕಡೆಗೆ ಓಡುತ್ತಿದ್ದಾಗ ನನ್ನಷ್ಟಕ್ಕೆ ಒಂದು ಲೆಕ್ಕ ಹಾಕಿದೆ. ಒಂದು ವರ್ಷಕ್ಕೆ ಒಂದು ಮಿಲಿಮೀಟರು ಎಂದು ಹಿಡಿದರೆ ಅಶೋಕನು ಎರಡೂಕಾಲು ಮೀಟರಿನ ಆಚೆ ನಿಲ್ಲುತ್ತಾನೆ; ನಮ್ಮ ಮನೆಯ ಹೊಸಿಲಿನಿಂದ ತುಲಸೀಕಟ್ಟೆಗೆ ಇರುವಷ್ಟು ದೂರ. ಅದೇ ಅಳತೆಯಲ್ಲಿ ಈ ಶಿಲೆಗಳ ಕಾಲವನ್ನು ಮುಟ್ಟಬೇಕಾದರೆ ಎರಡು ಸಾವಿರದ ಆರುನೂರು ಕಿಲೊಮೀಟರು ನಡೆಯಬೇಕು. ನೆಟ್ಟಗೆ ಉತ್ತರಕ್ಕೆ ಹೊರಟರೆ ಕಾಶ್ಮೀರವೂ ಹಿಂದುಳಿದೀತು. ನಮ್ಮ ತಂದೆಯವರ ಎಪ್ಪತ್ತೊಂದು ವರ್ಷದ ಬಾಳು ಏಳು ಸೆಂಟಿಮೀಟರು: ಆ ಕಲ್ಲಿನ ಮೇಲಿದ್ದ ಜರೀಗಿಡದ ಉದ್ದ.

ದುರ್ಗದಲ್ಲಿ ಊಟ ಮುಗಿಸಿ ದಕ್ಷಿಣದ ಹಾದಿ ಹಿಡಿದೆವು. ತಾಳ್ಯವೂ ಹೊಳಲ್ಕೆರೆ ತಾಲ್ಲೂಕಿನದೇ, ನಮ್ಮೂರಿಗೆ ದೂರದ್ದಲ್ಲ. ಆಂಜನೇಯನ ದರ್ಶನಕ್ಕೆಂದು ಚಿಕ್ಕಂದಿನಲ್ಲಿ ಎಷ್ಟು ಸಲ ಹೋಗಿದ್ದೆನೋ ಲೆಕ್ಕವಿಲ್ಲ. ಆದರೆ ಭೂಗರ್ಭಶಾಸ್ತ್ರದ ಪುಸ್ತಕಗಳಲ್ಲಿ ತಾಳ್ಯದ ಹೆಸರು ಒಂದು ಶಿಲೆಗೆ ಅಂಟಿಕೊಂಡಿದೆಯೆಂಬುದು ನನಗೆ ಅಂದೇ ತಿಳಿದದ್ದು. ‘ತಾಳ್ಯ ಕಾಂಗ್ಲೊಮರೇಟ್’ ಎಂದು ಅದನ್ನು ಕರೆಯುತ್ತಾರೆ. ನುಣ್ಣನೆಯ ಮಣ್ಣು ಗಟ್ಟಿಯಾಗಿ ಆದ ಕಲ್ಲಿನೊಳಗೆ ಬೇರೆ ಬೇರೆ ಜಾತಿಯ, ಬೇರೆ ಬೇರೆ ಗಾತ್ರದ ಉಂಡೆಗಲ್ಲುಗಳು ಹುದುಗಿರುವ ಶಿಲೆ. ಉಪ್ಪಿಟ್ಟಿನಲ್ಲಿ ಗೋಡಂಬಿ ಕುಳಿತಿರುವಂತೆ. ಭೂಮಿಯ ಒತ್ತಡಕ್ಕೆ ಸಿಕ್ಕಿ ಎಷ್ಟೋ ಉಂಡೆಗಳು ಎಳೆದಂತಾಗಿ ನೀಳವಾಗಿವೆ.

ಇವನ್ನು ಕುರಿತು ಹಿಂದೆ ದೊಡ್ಡ ವಾದವೇ ನಡೆದಿತ್ತು. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಈ ಬಗೆಯ ಶಿಲೆಗಳಿಗೆ ಧಾರವಾಡ ಶಿಲೆಗಳೆಂದು ಹೆಸರಿಟ್ಟ. ಮೈಸೂರು ಸಂಸ್ಥಾನ 1894ರಲ್ಲಿ ಭೂಗರ್ಭ ಇಲಾಖೆಯನ್ನು ತೆರೆಯಿತು. ಅದರ ಮುಖ್ಯಸ್ಥನಾಗಿದ್ದ ಡಬ್ಲ್ಯು. ಎಫ್. ಸ್ಮೀತ್, ಈ ಶಿಲೆಗಳೆಲ್ಲ ಬೆಂಕಿಯಿಂದ ಹುಟ್ಟಿದವು, ಉಂಡೆಗಲ್ಲುಗಳೂ ನೀರಿನಲ್ಲಿ ಉರುಳಿ ದುಂಡಗಾದವಲ್ಲ, ಬಂಡೆಗಳು ನೆಲದೊಳಗೆ ಅರೆದುಹೋದಾಗ ಉಳಿದ ಚೂರುಗಳು ಎಂದು ಸಾಧಿಸಿದ. ಅಧಿಕಾರಿಯ ಮಾತಾದ್ದರಿಂದ ಬಹುಕಾಲ ನಡೆಯಿತು. ಬಿ. ರಾಮರಾಯರು 1940ರಲ್ಲಿ ಪ್ರಕಟಿಸಿದ ಮೈಸೂರಿನ ಪ್ರಾಚೀನ ಶಿಲೆಗಳ ಗ್ರಂಥ ನೀರು ಹೊತ್ತು ತಂದು ಹರಡಿದ ಪದರಗಳೂ ಇವುಗಳಲ್ಲಿ ಉಂಟೆಂಬುದನ್ನು ಗಟ್ಟಿಮಾಡಿತು.

ಅಲ್ಲಿಗೂ ತಾಳ್ಯದ ಕಥೆ ಮುಗಿಯಲಿಲ್ಲ. ಉಂಡೆಗಳನ್ನು ತಂದದ್ದು ನೀರೇ ಆದರೆ, ಮಿತ್ರರು ಕೇಳಿದರು, ಅಷ್ಟು ದೊಡ್ಡ ಗುಂಡನ್ನು ಉರುಳಿಸಬಲ್ಲ ರಭಸದ ಹೊಳೆ ಅದರ ಸುತ್ತ ಮೈದಾಹಿಟ್ಟಿನಂಥ ಮಣ್ಣನ್ನು ಬಿಡಲು ಹೇಗೆ ಸಾಧ್ಯ? ನೀರಿಗೆ ತೂಕದ ವಿವೇಕವಿದೆ. ಮಳೆಗಾಲದ ಹಳ್ಳವನ್ನು ನೋಡಿದವರೆಲ್ಲ ಇದನ್ನು ಬಲ್ಲರು. ಗುಂಡು ಒಂದೆಡೆ, ಗರಸು ಒಂದೆಡೆ, ಕೊನೆಗೆ ಕೆರೆಯ ತಳದಲ್ಲಿ ಗೋಡು. ಇಂಥ ವಿವೇಕವಿಲ್ಲದೆ ಗುಂಡನ್ನೂ ಗೋಡನ್ನೂ ಒಟ್ಟಿಗೆ ಹೊರುವುದು ಹಿಮ. ಹಿಮನದಿಯಿಂದ ಮುರಿದ ತುಂಡುಗಳು ಕಲ್ಲುಗಳನ್ನು ಕಚ್ಚಿಕೊಂಡು ಸಮುದ್ರದ ಮೇಲೆ ತೇಲುತ್ತ ಹೋಗುತ್ತವೆ. ಕರಗಿದಾಗ ಕಲ್ಲು ಜಾರಿ ತಳದ ಮೆತ್ತನೆಯ ಕೆಸರಿನಲ್ಲಿ ಬೀಳುತ್ತದೆ. ಅಮೆರಿಕದ ರಿಚರ್ಡ್ ಓಜಕಾಂಗಸ್, ನಮ್ಮ ದೇಶದ ಆರ್. ಶ್ರೀನಿವಾಸನ್, ವಿ. ಎಸ್. ಹೆಗ್ಡೆ, ಎಸ್. ವಿ. ಶ್ರೀಕಂಟಿಯ ಮೊದಲಾದವರು ಕೂಡಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 2014ರಲ್ಲಿ ಬರೆದ ಪ್ರಬಂಧದ ಸಾರ ಇದು: ಸುಮಾರು 270 ಕೋಟಿ ವರ್ಷಗಳ ಹಿಂದೆ ತಾಳ್ಯದ ಈ ಕಲ್ಲುಗಳನ್ನು ಹಿಮವೇ ಸಮುದ್ರಕ್ಕೆ ತಂದು ಹಾಕಿತು. ಇದಕ್ಕಿಂತ ಹಳೆಯ ಹಿಮದ ಕುರುಹೆಂದು ಹೇಳುವುದು ದಕ್ಷಿಣ ಆಫ್ರಿಕದ ಪೊಂಗೋಲ ಪ್ರದೇಶದಲ್ಲಿ, 290 ಕೋಟಿ ವರ್ಷದ್ದು.

ಹೊತ್ತು ಮೂರು ಗಂಟೆ. ಕಲ್ಲಿನ ಮೇಲೆ ಅಂಗೈಯಿಟ್ಟರೆ ಸುಡುತ್ತಿತ್ತು. ಇಲ್ಲಿ ಹಿಮ ತೇಲಿತ್ತೆಂದು ಹೇಳಿದರೆ ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ನಮ್ಮಿಬ್ಬರನ್ನೂ ನೆರಳಿಗೆ ಎತ್ತಿ ಮಲಗಿಸುತ್ತಿದ್ದರೇನೋ!

“ಹಿಮವೇ ಎಂಬುದು ನಿಶ್ಚಯವೋ?” ಎಂದು ಕೇಳಿದೆ.

“ಸಮುದ್ರದ ಇಳಿಜಾರಿನಲ್ಲಿ ಕೆಸರೂ ಕಲ್ಲೂ ಒಟ್ಟಿಗೆ ಕುಸಿದುಬಿದ್ದರೂ ಇಂಥ ಶಿಲೆ ಆದೀತು. ಅದಕ್ಕೇ ಅವರು ಪದರಪದರವಾದ ಕೆಸರಿನಲ್ಲಿ ಒಂಟಿಯಾಗಿ ಬಿದ್ದ ಕಲ್ಲುಗಳನ್ನು ಹುಡುಕಿ ತೋರಿಸಿದ್ದಾರೆ. ನನಗೆ ಒಪ್ಪಿಗೆಯಾಗಿದೆ. ನಾಳೆ ಯಾರಾದರೂ ಬೇರೆ ಸಾಕ್ಷ್ಯ ತಂದರೆ ಕೇಳಬೇಕಾಗುತ್ತದೆ” ಎಂದರು.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ತಾಯಿಯವರಿಗೆ ನಾನು ಇನ್ನೂ ಏನನ್ನೂ ಹೇಳಿರಲಿಲ್ಲ. ಹೇಳುವ ಧೈರ್ಯವೂ ಇರಲಿಲ್ಲ. ಆದರೆ ಊಟಕ್ಕೆ ಬಡಿಸುತ್ತ ಅವರೇ ಮಿತ್ರರನ್ನು ಕೇಳಿಬಿಟ್ಟರು: “ನಮ್ಮ ಯಜಮಾನರ ಕಲ್ಲನ್ನು ನೋಡಿದಿರಾ? ಅದೇನು ಗಿಡವಂತೆ?”

ಮಿತ್ರರು ತುತ್ತನ್ನು ಕೆಳಗಿಟ್ಟು ಉತ್ತರ ಕೊಟ್ಟರು. ಮುಚ್ಚಿಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಜರೀಗಿಡದ ಜಾತಿ ಭೂಮಿಗೆ ಬಂದು ನಲವತ್ತು ಕೋಟಿ ವರ್ಷವೂ ಆಗಿಲ್ಲ. ಈ ಊರಿನ ಬಾವಿಯ ಬಂಡೆ ಅದಕ್ಕಿಂತ ಆರುಪಟ್ಟು ಹಳೆಯದು. ಬಂಡೆ ಕೆಸರಾಗಿದ್ದ ಕಾಲದಲ್ಲಿ ನೆಲದ ಮೇಲೆ ಗಿಡವಿಲ್ಲ, ಹುಲ್ಲಿಲ್ಲ, ನೀರಿನಲ್ಲಿ ಮೀನೂ ಇಲ್ಲ. ಹಾಗಾದರೆ ಈ ಚಿತ್ರವೇನು? ನಮ್ಮ ಸೀಮೆಯ ಕಲ್ಲುಗಳಲ್ಲಿ ಮ್ಯಾಂಗನೀಸ್ ಇದೆ. ಅದನ್ನು ಕರಗಿಸಿಕೊಂಡ ನೀರು ಬಂಡೆಯ ಸೀಳಿನೊಳಗೆ ಇಂಗಿ, ಎರಡು ಪದರಗಳ ನಡುವೆ ಕಪ್ಪಾಗಿ ಕವಲೊಡೆಯುತ್ತ ಹೋಗುತ್ತದೆ. ಮಸೂರದಲ್ಲಿ ನೋಡಿದರೆ ಎಲೆಯ ನರವಿಲ್ಲ, ಎಲೆ ಒತ್ತಿದ ಅಚ್ಚಿಲ್ಲ. ಚಿತ್ರ ಹೊರಡುವುದು ಸೀಳಿನ ಅಂಚಿನಿಂದ. ಪ್ರಪಂಚದಲ್ಲೆಲ್ಲ ಜನ ಇದನ್ನು ಗಿಡವೆಂದು ಭ್ರಮಿಸಿದ್ದಾರೆ.

ನಮ್ಮ ತಾಯಿಯವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಸುಣ್ಣ ಸವರಿದ ಎರಡು ಎಲೆಗಳನ್ನು ಒಂದಕ್ಕೊಂದು ಒತ್ತಿ ಬಿಡಿಸಿದರೆ ಸುಣ್ಣ ಕವಲುಕವಲಾಗಿ ನಿಲ್ಲುತ್ತದಲ್ಲ, ಹಾಗೇನಪ್ಪಾ?” ಎಂದರು. ಅದಕ್ಕಿಂತ ಚೆನ್ನಾದ ಹೋಲಿಕೆಯನ್ನು ತಾವು ತರಗತಿಯಲ್ಲಿ ಎಂದೂ ಕೊಟ್ಟಿರಲಿಲ್ಲವೆಂದು ಮಿತ್ರರು ಒಪ್ಪಿಕೊಂಡರು. ಆದರೆ ತಾಯಿಯವರ ಮನಸ್ಸು ಬೇರೆ ಕಡೆಗಿತ್ತು.

“ಹಾಗಾದರೆ ಅವರು ಅಷ್ಟು ವರ್ಷ ಮಕ್ಕಳಿಗೆ ಸುಳ್ಳು ಹೇಳಿದ ಹಾಗಾಯಿತೇ?”

ಈ ಪ್ರಶ್ನೆಯನ್ನು ನಾನು ಎರಡು ವಾರದಿಂದ ನನಗೇ ಹಾಕಿಕೊಂಡಿದ್ದೆ. ಮಿತ್ರರು ನೇರವಾಗಿ ಉತ್ತರ ಕೊಡದೆ ಭೀಮಬೆಟ್ಕದ ಕಥೆ ಹೇಳಿದರು. ಮಧ್ಯಪ್ರದೇಶದ ಭೀಮಬೆಟ್ಕ ಆದಿಮಾನವನ ಚಿತ್ರಗಳಿಗೆ ಹೆಸರಾದ ಗುಹೆಗಳ ಜಾಗ. 2020ರಲ್ಲಿ ಅಲ್ಲಿಗೆ ಹೋಗಿದ್ದ ಕೆಲವು ಭೂವಿಜ್ಞಾನಿಗಳಿಗೆ ಗುಹೆಯ ಗೋಡೆಯಲ್ಲಿ, ಎತ್ತರದಲ್ಲಿ, ಎಲೆಯಂಥ ಒಂದು ಗುರುತು ಕಂಡಿತು. 55 ಕೋಟಿ ವರ್ಷ ಹಿಂದಿನ ಡಿಕಿನ್‌ಸೋನಿಯ ಎಂಬ ಪ್ರಾಣಿಯ ಪಳೆಯುಳಿಕೆ ಇದೆಂದು ಅವರು 2021ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಭಾರತದಲ್ಲಿ ಅದು ಮೊದಲ ಬಾರಿಗೆ ಸಿಕ್ಕಿತೆಂದು ಪತ್ರಿಕೆಗಳೆಲ್ಲ ಬರೆದವು. ಮರುವರ್ಷ ಬೇರೊಂದು ತಂಡ ಹೋಗಿ ನೋಡುವಷ್ಟರಲ್ಲಿ ‘ಪಳೆಯುಳಿಕೆ’ ಗೋಡೆಯಿಂದ ಕಳಚಿಬೀಳತೊಡಗಿತ್ತು! ಕಲ್ಲಾದ ಪ್ರಾಣಿ ಎರಡು ವರ್ಷದಲ್ಲಿ ಕೊಳೆಯುವುದುಂಟೇ? ಪರೀಕ್ಷಿಸಿದರೆ ಅದು ಮೇಣ; ಹೆಜ್ಜೇನು ಬಿಟ್ಟುಹೋದ ಹಳೆಯ ಹುಟ್ಟಿನ ಗುರುತು. 2023ರಲ್ಲಿ ಇದು ಪ್ರಕಟವಾದಾಗ ಮೊದಲು ಬರೆದವರೂ ತಪ್ಪನ್ನು ಒಪ್ಪಿಕೊಂಡರು.

“ಹೆಜ್ಜೇನೇ!” ಎಂದು ತಾಯಿಯವರು ನಕ್ಕುಬಿಟ್ಟರು. “ದುರ್ಗದ ಬಂಡೆಗಳ ತುಂಬ ಅದೇ ಇದೆಯಲ್ಲ. ನಮ್ಮೂರ ಕುರಿ ಕಾಯುವ ಹುಡುಗನನ್ನು ಕರೆದುಕೊಂಡು ಹೋಗಿದ್ದರೆ ಹೇಳುತ್ತಿದ್ದ.” ಹುಳಿಯ ಪಾತ್ರೆಯನ್ನು ಮತ್ತೆ ಎತ್ತಿಕೊಂಡವರು ಏನೋ ನೆನೆದು ನಿಂತರು. “ಗಿಡ ನಲವತ್ತು ಕೋಟಿ, ಕಲ್ಲು ಇನ್ನೂರ ಅರವತ್ತು ಕೋಟಿ ಎಂದಿರಲ್ಲವೇ? ಅವರು ಮಕ್ಕಳಿಗೆ ಬರಿಯ ಕೋಟಿ ಎನ್ನುತ್ತಿದ್ದರು. ಕಡಿಮೆಯೇ ಹೇಳಿದರು.”

ಕಲ್ಲು ಹಳೆಯದಾದರೂ ಅದರ ಮೇಲಿನ ಕಪ್ಪು ಚಿತ್ರ ಎಷ್ಟೋ ಈಚಿನದಾಗಿರಬಹುದೆಂದು ಮಿತ್ರರು ಸೇರಿಸಿದರು. ಶಾಸ್ತ್ರಜ್ಞರ ಸ್ವಭಾವವೇ ಹಾಗೆ; ಊಟದ ನಡುವೆಯೂ ಲೆಕ್ಕ ಬಿಟ್ಟುಕೊಡುವುದಿಲ್ಲ.

ಮರುದಿನ ತಾಯಿಯವರನ್ನೂ ಕರೆದುಕೊಂಡು ಹಿರಿಯೂರಿನ ಬಳಿಯ ಮಾರಿಕಣಿವೆಗೆ ಹೋದೆವು. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕಟ್ಟಲು ತೊಡಗಿ 1907ರಲ್ಲಿ ಮುಗಿಸಿದ ಈ ಅಣೆಕಟ್ಟೆಗೆ ವಾಣಿವಿಲಾಸ ಸಾಗರವೆಂದು ಹೆಸರು. 1933ರಲ್ಲಿ ಕೋಡಿ ಬಿದ್ದದ್ದನ್ನು ನಮ್ಮ ತಾತ ನೋಡಿದ್ದರು. ಮತ್ತೊಮ್ಮೆ ಕೋಡಿ ಬೀಳುವುದನ್ನು ತಾವು ಕಾಣಬೇಕೆಂದು ತಂದೆಯವರು ಪ್ರತಿ ಮಳೆಗಾಲವೂ ಹೇಳುತ್ತಿದ್ದರು. 89 ವರ್ಷ ಕಳೆದು 2022ರಲ್ಲಿ ಕೋಡಿ ಬಿತ್ತು. ಅವರು ಹೋಗಿ ಒಂದು ವರ್ಷವಾಗಿತ್ತು. ಮತ್ತೆ 2025ರ ಜನವರಿಯಲ್ಲಿಯೂ ಬಿತ್ತು. ತಾಯಿಯವರು ಕಟ್ಟೆಯ ಮೇಲೆ ನಿಂತು ನೀರನ್ನು ನೋಡುತ್ತಿದ್ದರೇ ಹೊರತು ಏನೂ ಹೇಳಲಿಲ್ಲ.

ಮಿತ್ರರು ನಮ್ಮನ್ನು ಅಲ್ಲಿಗೆ ಕರೆತಂದದ್ದು ನೀರಿಗಾಗಿಯಲ್ಲ. ಈ ಸೀಮೆಯ ಒಂದು ಶಿಲಾಸ್ತರಕ್ಕೆ ವಾಣಿವಿಲಾಸದ ಹೆಸರೇ ಇದೆ. ಅದರಲ್ಲಿ ಅಲ್ಲಲ್ಲಿ ಸುಣ್ಣಗಲ್ಲಿನ ಜಾತಿಯ ಶಿಲೆಗಳುಂಟು. ಹಳೆಯ ಪಠ್ಯಪುಸ್ತಕಗಳು ಇಷ್ಟು ಪ್ರಾಚೀನ ಶಿಲೆಗಳ ಯುಗಕ್ಕೆ ನಿರ್ಜೀವ ಯುಗವೆಂದು ಹೆಸರು ಕೊಟ್ಟಿದ್ದವು. ಇವುಗಳಲ್ಲಿ ಪಳೆಯುಳಿಕೆಯನ್ನು ಹುಡುಕುವುದು ಬಂಜರಿನಲ್ಲಿ ಬಿತ್ತಿದಂತೆ ಎಂಬ ಭಾವನೆಯಿತ್ತು. ಆದರೆ 1989ರಲ್ಲಿ ಆರ್. ಶ್ರೀನಿವಾಸನ್, ಎಸ್. ಎಂ. ನಖ್ವಿ, ಬಿ. ಎಸ್. ವೆಂಕಟಾಚಲ ಮೊದಲಾದ ವಿದ್ವಾಂಸರು ಚಿತ್ರದುರ್ಗದ ಶಿಲಾಪಟ್ಟಿಯಲ್ಲಿಯೇ ಸ್ಟ್ರೊಮಾಟೊಲೈಟುಗಳಿವೆಯೆಂದು ವಿವರವಾಗಿ ಬರೆದರು. ಮಿತ್ರರು ಚೀಲದಿಂದ ಒಂದು ತುಂಡನ್ನು ತೆಗೆದು ತಾಯಿಯವರ ಕೈಗೆ ಕೊಟ್ಟರು. ತಾವು ವಿದ್ಯಾರ್ಥಿಯಾಗಿದ್ದಾಗ ಇದೇ ಪಟ್ಟಿಯಿಂದ ತಂದು ಕೊಯ್ದು ನಯಮಾಡಿಸಿದ್ದಂತೆ. ಕೊಯ್ದ ಮೈಯಲ್ಲಿ ಈರುಳ್ಳಿಯ ಪೊರೆಗಳಂತೆ ಸಣ್ಣ ಸಣ್ಣ ಗೆರೆಗಳು. ಒಂದರ ಮೇಲೊಂದು ಕಮಾನು ಕಟ್ಟಿದ ಹಾಗೆ ಮೇಲಕ್ಕೆ ಉಬ್ಬಿದ್ದವು.

ಕಣ್ಣಿಗೆ ಕಾಣದ ಅಣುಜೀವಿಗಳು ಆಳವಿಲ್ಲದ ನೀರಿನ ತಳದಲ್ಲಿ ಲೋಳೆಯ ಚಾಪೆ ಹಾಸುತ್ತವೆ. ಕೆಸರಿನ ಕಣಗಳು ಅಂಟಿ, ಸುಣ್ಣ ಕೂಡಿಕೊಂಡು, ಆ ಚಾಪೆ ಮುಚ್ಚಿಹೋಗುತ್ತದೆ. ಬೆಳಕನ್ನು ಅರಸಿ ಜೀವಿಗಳು ಮೇಲೆ ಬಂದು ಮತ್ತೊಂದು ಚಾಪೆ ಹಾಸುತ್ತವೆ. ಹೀಗೆ ಪದರದ ಮೇಲೆ ಪದರ. ಆಸ್ಟ್ರೇಲಿಯದ ಪಶ್ಚಿಮ ತೀರದ ಶಾರ್ಕ್ ಕೊಲ್ಲಿಯಲ್ಲಿ ಇವು ಇಂದಿಗೂ ಬೆಳೆಯುತ್ತಿವೆ. ಅದೇ ದೇಶದ 348 ಕೋಟಿ ವರ್ಷದ ಶಿಲೆಗಳಲ್ಲಿಯೂ ಇವೆ. ಗ್ರೀನ್‌ಲೆಂಡಿನಲ್ಲಿ 370 ಕೋಟಿ ವರ್ಷದ್ದು ಸಿಕ್ಕಿತೆಂದು 2016ರಲ್ಲಿ ಸಾರಿದರು. 2018ರಲ್ಲಿ ಬೇರೆಯವರು, ಅದು ಬಂಡೆ ಮಡಿಚಿಕೊಂಡು ಆದ ಆಕಾರವಷ್ಟೆ ಎಂದು ಆಕ್ಷೇಪಿಸಿದರು. ಅಲ್ಲಿಯೂ ನಮ್ಮ ಜರೀಗಿಡದ ವ್ಯಾಜ್ಯವೇ ಎಂದುಕೊಂಡೆ.

ಈ ಲೋಳೆಯ ಸಂತಾನಕ್ಕೆ ನಾವು ಪಟ್ಟಿರುವ ಋಣ ಸಣ್ಣದಲ್ಲ. ಅಂದಿನ ಗಾಳಿಯಲ್ಲಿ ಉಸಿರಾಡಲು ಆಮ್ಲಜನಕವಿರಲಿಲ್ಲ. ಬಿಸಿಲನ್ನು ಉಂಡು ಆಮ್ಲಜನಕವನ್ನು ಬಿಡುವ ವಿದ್ಯೆಯನ್ನು ಕಲಿತವರು ಇಂಥ ಅಣುಜೀವಿಗಳು. ಮೊದಮೊದಲು ಅದೆಲ್ಲ ಸಮುದ್ರದಲ್ಲಿ ಕರಗಿದ್ದ ಕಬ್ಬಿಣದ ಪಾಲಾಯಿತೆಂದು ಹೇಳುತ್ತಾರೆ. ದುರ್ಗದ ಸುತ್ತಣ ಗುಡ್ಡಗಳಲ್ಲಿ ಕಾಣುವ ಪಟ್ಟೆಪಟ್ಟೆಯ ಕಬ್ಬಿಣಶಿಲೆಯಲ್ಲಿಯೂ ಆ ಕೆಲಸದ ಕೈವಾಡವಿರಬಹುದು. ಗಾಳಿಗೆ ಆಮ್ಲಜನಕ ಸೇರಿ ನಿಂತದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅಂದರೆ ನಮ್ಮ ತಾಯಿಯವರ ಕೈಯಲ್ಲಿದ್ದ ಜೀವಿಗಳು ಬಾಳಿ ಕಲ್ಲಾದ ಎಷ್ಟೋ ಕಾಲದ ಮೇಲೆ.

“ನೋಡಲು ಏನೂ ಚೆನ್ನಾಗಿಲ್ಲ” ಎಂದರು ತಾಯಿಯವರು, ತುಂಡನ್ನು ಹೊರಳಿಸಿ. “ಅವರ ಕಲ್ಲೇ ಚೆಂದ.”

ನಾನೂ ಅದನ್ನೇ ಯೋಚಿಸುತ್ತಿದ್ದೆ. ಗಿಡದಂತೆ ಕಾಣುವುದು ಗಿಡವಲ್ಲ. ಏನೂ ಅಲ್ಲದಂತೆ ಕಾಣುವ ಗೆರೆ ಜೀವದ ಗೆರೆ. ಹಾದಿಯಲ್ಲಿ ಎಡವಿದ ಎಷ್ಟು ಗೆರೆಗಲ್ಲುಗಳನ್ನು ನಾವು ಬೇಲಿಗೂ ಬದುವಿಗೂ ಒಟ್ಟಿದ್ದೇವೆಯೋ, ಎಷ್ಟು ಗುಡ್ಡಗಳನ್ನು ಜಲ್ಲಿ ಮಾಡಿ ರಸ್ತೆಗೆ ಸುರಿದಿದ್ದೇವೆಯೋ!

ಊರಿಗೆ ಮರಳಿದ ಸಂಜೆ ನಡುಮನೆಯಲ್ಲಿ ಕುಳಿತು ಬೀರುವಿಗೆ ಬೇಕಾದ ಸಾಲುಗಳನ್ನು ಬರೆದೆ. ಮೊದಲ ಪ್ರತಿಯಲ್ಲಿ ಪಳೆಯುಳಿಕೆಯ ಮಾತನ್ನೇ ಎತ್ತದೆ ಜಾಣತನದಿಂದ ಜಾರಿಕೊಂಡಿದ್ದೆ. ಮಿತ್ರರು ಓದಿ ಸುಮ್ಮನಿದ್ದರು. ಹರಿದುಹಾಕಿ ಮತ್ತೊಮ್ಮೆ ಬರೆದೆ: ‘ಹೊರಕೆರೆದೇವಪುರದ ಬಾವಿಯಲ್ಲಿ ದೊರೆತ ಕಲ್ಲು. ವಯಸ್ಸು ಸುಮಾರು 260 ಕೋಟಿ ವರ್ಷ. ಮೇಲಿನ ಚಿತ್ರ ಜರೀಗಿಡದಂತೆ ಕಾಣುತ್ತದೆ. ಗಿಡವಲ್ಲ, ಮ್ಯಾಂಗನೀಸಿನ ಕರೆ. ಗಿಡವೆಂದೇ ನಂಬಿ ಇದನ್ನು ಮಕ್ಕಳಿಗೆ ತೋರಿಸಿ, ಕಲ್ಲನ್ನು ನೋಡುವುದನ್ನು ಕಲಿಸಿದವರು’ — ಕೆಳಗೆ ತಂದೆಯವರ ಹೆಸರು.

ತಾಯಿಯವರಿಗೆ ಓದಿ ಹೇಳಿದೆ. ಕೇಳಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

“ಎಲ್ಲ ಸರಿಯಾಗಿದೆ. ಕೈತೊಳೆದು ಬಂದು ಮುಟ್ಟಿ ನೋಡಬಹುದು ಅಂತ ಬರೆಯಲೇ ಇಲ್ಲವಲ್ಲ.”

ಅದನ್ನೂ ಸೇರಿಸಿದೆ. ಬೀರುವಿಗೆ ಬೀಗ ಬೇಡವೆಂದು ಆ ವಿದ್ಯಾರ್ಥಿಗಳಿಗೆ ಅಂದೇ ರಾತ್ರಿ ತಿಳಿಸಿದೆ.